ನಾಲ್ಕನೇ ಬಟ್ಟಲು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಶ್ರೀಧರ್ ಸಾರ್ ಮೇಲೋ ಬೆಂಗಳೂರಿನವರ ಮೇಲೋ ಹಾಕಿ ಕೈ ತೊಳೆದುಕೊಳ್ಳೋಣ ಅಂತ ಹದಿನೈದು ದಿನ ನೋಡಿದೆ. ಆಗಲಿಲ್ಲ.

ನನ್ನ ಹೆಸರು ಕಲಾ, ಬೇತಮಂಗಲದ ಪಕ್ಕದ ಹಳ್ಳಿಯವಳು. ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಶ್ರೀಧರ್ ಸಾರ್ ಅವರ ಕಾಫಿ ಹುರಿಯುವ ಕಂಪನಿಯಲ್ಲಿ ರುಚಿ ನೋಡುವ ಕೆಲಸ ಮಾಡುತ್ತೇನೆ. ನಗಬೇಡಿ, ಅದಕ್ಕೂ ಸಂಬಳ ಕೊಡುತ್ತಾರೆ. ಬಟ್ಟಲಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ನಾಲ್ಕು ನಿಮಿಷ ಬಿಟ್ಟು, ಚಮಚದಲ್ಲಿ ಸೊರ್ರೆಂದು ಹೀರಬೇಕು. ಬಾಯಲ್ಲಿ ಆಡಿಸಿ ಪಕ್ಕದ ಲೋಟಕ್ಕೆ ಉಗಿಯಬೇಕು. ಹಾಲಿಲ್ಲ, ಸಕ್ಕರೆಯಿಲ್ಲ. ಭಾನುವಾರ ಇದಕ್ಕೇ ಕೂಟ ಮಾಡುತ್ತಾರೆ, ಜನ ಸಾಲು ನಿಂತು ಬರುತ್ತಾರೆ. ಅಲ್ಲಿ ನನ್ನ ನಾಲಿಗೆಗೆ ದೊಡ್ಡ ಹೆಸರು. ಎಲ್ಲಿ ಕಲಿತೆ ಅಂತ ಕೇಳಿದವರಿಗೆಲ್ಲ, ಹುಟ್ಟಿನಿಂದಲೇ ಬಂದದ್ದು ಅನ್ನುತ್ತಿದ್ದೆ. ಸುಳ್ಳು. ಕಲಿಸಿದವಳು ಅಮ್ಮಾಜಮ್ಮ.

ಅಮ್ಮಾಜಮ್ಮ ನಮ್ಮೂರಿನವಳು. ಸ್ವಂತ ನಂಟಲ್ಲದಿದ್ದರೂ ಅತ್ತೆ ಅಂತಲೇ ಕರೆಯುತ್ತೇನೆ. ಇಪ್ಪತ್ತು ವರ್ಷದಿಂದ ತನ್ನ ಹಸುವಿನ ಹಾಲನ್ನು ಕ್ಯಾನಿಗೆ ತುಂಬಿಕೊಂಡು, ಮೊದಲ ಬಸ್ಸಿಗೆ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಹೋಗಿ, ಅಲ್ಲಿನ ಹಳೇ ಕ್ಲಬ್ಬಿನ ಜಗಲಿಯಲ್ಲಿ ಕಾಫಿ ಮಾರುತ್ತಾಳೆ. ಬೀಜ ಅವಳೇ ಹುರಿಯುವುದು. ಇಳಿಸುವ ಮುಂಚೆ ಒಂದು ಚಮಚ ತುಪ್ಪ, ಆಮೇಲೆ ಒಂದಿಷ್ಟು ಚಿಕೋರಿ. ನಾನು ಚಿಕ್ಕವಳಿದ್ದಾಗ ಬಾಣಲೆಯ ಮುಂದೆ ಕೂರಿಸಿಕೊಂಡು, "ಮೂಸಿ ನೋಡ್ಲೇ, ಇನ್ನೂ ಅಸೀನೇ ಐತೆ. ಈಗ ನೋಡು. ಈಗ ಇಳಿಸ್ಬೇಕು," ಅನ್ನುತ್ತಿದ್ದಳು. ಆ ಒಂದು ಕ್ಷಣವನ್ನು ಹಿಡಿಯುವ ವಿದ್ಯೆಯಿಂದಲೇ ನಾನು ಇವತ್ತು ಅನ್ನ ತಿನ್ನುತ್ತಿರುವುದು.

ಅದೇ ಕ್ಲಬ್ಬನ್ನು ಶ್ರೀಧರ್ ಸಾರ್ ಬಾಡಿಗೆಗೆ ಹಿಡಿದರು. ಅಲ್ಲೊಂದು ಕಾಫಿ ಅಂಗಡಿ ತೆರೆಯುವುದು, ಅದರಲ್ಲಿ ಈ ಊರಿನದೇ ಒಂದು ಪುಡಿ ಇಡುವುದು ಅವರ ಯೋಚನೆ. ಆರಂಭದ ಭಾನುವಾರ ಒಂದು ಕೂಟ. ಊರಿನ ನಾಲ್ಕು ಪುಡಿ, ನಾಲ್ಕು ಬಟ್ಟಲು, ಯಾರದು ಯಾವುದೆಂದು ಬರೆದಿರುವುದಿಲ್ಲ. ಗೆದ್ದವರಿಗೆ ಜಗಲಿಯ ಜಾಗ, ಉಳಿದವರು ಬೇರೆ ಕಡೆ ನೋಡಿಕೊಳ್ಳಬೇಕು. "ಈ ಊರಿನ ನಾಲಿಗೆ ನಿಂದು. ಕೊನೇ ಮಾತು ನಿಂದೇ," ಅಂದರು ಸಾರ್. ನಾನು ಉಬ್ಬಿಹೋದೆ. ಅಮ್ಮಾಜಮ್ಮನಿಗೆ ಹೆಸರು ಕೊಡು ಅಂತ ಹೇಳಿದವಳೂ ನಾನೇ. ಕೊನೇ ಮಾತು ನನ್ನದೆಂದು ಮಾತ್ರ ಅವಳಿಗೆ ತಿಳಿಸಿರಲಿಲ್ಲ.

ಆ ಬೆಳಗ್ಗೆ ಅವಳು ಮದುವೆಗೆ ಉಡುವ ಸೀರೆ ಉಟ್ಟು, ಕ್ಯಾನ್ ಹಿಡಿದು ಬಂದಳು.

"ಅತ್ತೆ, ಇಲ್ಲಿ ಹಾಲು ಹಾಕಲ್ಲ," ಅಂದೆ.

"ಆಲಿಲ್ದೆ ನನ್ನ ಪುಡಿ ಎಂಗೆ ರುಚಿ ನೋಡ್ತಾರೆ? ಅದು ಆಲಿಗೇ ಮಾಡಿದ್ದಲ್ವೇನೇ?"

ನಿಜ ತಾನೇ? ಚಿಕೋರಿ ಬೆರೆಸಿದ ಪುಡಿಯನ್ನು ಬರೀ ನೀರಲ್ಲಿ ಅಳೆಯುವುದು ಅನ್ಯಾಯ. ಸಾರ್ ಹತ್ತಿರ ಒಂದು ಮಾತು ಹೇಳಿದ್ದರೆ ಕೇಳುವ ಮನುಷ್ಯ. ಆದರೆ ಬೆಂಗಳೂರಿನಿಂದ ಬಂದವರ ಎದುರು ಹಾಲಿನ ಕ್ಯಾನ್ ಹಿಡಿದು ನಿಲ್ಲಲು ನನಗೆ ನಾಚಿಕೆ. "ರೂಲ್ಸು ಅತ್ತೆ," ಅಂತ ಕ್ಯಾನನ್ನು ಬಾಗಿಲ ಹಿಂದಕ್ಕೆ ತಳ್ಳಿದೆ. ಅವಳು ಗೋಡೆ ಪಕ್ಕ ಹೋಗಿ ನಿಂತಳು.

ಒಂದು, ಎರಡು, ಮೂರು ಬಟ್ಟಲು ಹೀರಿದೆ, ಉಗಿದೆ. ನಾಲ್ಕನೆಯದಕ್ಕೆ ಬಗ್ಗುವ ಮುಂಚೆಯೇ ತುಪ್ಪದ ವಾಸನೆ ಬಂತು. ನನಗೆ ಗೊತ್ತಾಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ, ಪತ್ರಿಕೆಗೆ ಕಾಫಿ ಬಗ್ಗೆ ಬರೆಯುವ ಸುಧಾಕರ್ ಮೂಗು ಮುರಿದು, "ಯಾರೋ ಹಪ್ಪಳ ಕರಿದ ಬಾಣಲೆ ತೊಳೆದು ಬಗ್ಗಿಸಿದ್ದಾರೆ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ, ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ನಕ್ಕು, ಹೀರಿದೆ. ಉಗಿಯುವುದು ಮರೆತೇಹೋಯಿತು. ಗಂಟಲು ತಾನಾಗಿ ನುಂಗಿತು, ಚಿಕ್ಕಂದಿನಿಂದ ನುಂಗಿದ ಅಭ್ಯಾಸ.

ಆಮೇಲೆ ಹಾಳೆಯ ಮೇಲೆ ಬರೆದೆ: "ಜಿಡ್ಡು. ಸುಟ್ಟ ವಾಸನೆ. ಎರಡನೇ ಬಟ್ಟಲೇ ಸರಿ." ನನ್ನದು ಹಳ್ಳಿ ನಾಲಿಗೆ ಅಂದುಬಿಟ್ಟಾರು ಅನ್ನುವ ಭಯಕ್ಕೆ ಬರೆದೆ. ಎರಡನೆಯದು ಕೆಟ್ಟದ್ದೇನಲ್ಲ, ಆದರೆ ಅದಕ್ಕಿಂತ ಅತ್ತೆಯದು ಚೆನ್ನಾಗಿತ್ತು. ಬರೆಯುವಾಗಲೂ ನನಗದು ಗೊತ್ತಿತ್ತು.

ಜಗಲಿ ಎರಡನೇ ಬಟ್ಟಲಿನ ಚಲಪತಿಗೆ ಹೋಯಿತು. ಕೂಟ ಮುಗಿಯುವ ಹೊತ್ತಿಗೆ ಕ್ಯಾನಿನ ಹಾಲು ಸೆಕೆಗೆ ಒಡೆದಿತ್ತು. ಅವಳು ಅದನ್ನು ಮೋರಿಗೆ ಚೆಲ್ಲಿ, ಕ್ಯಾನ್ ತೊಳೆದುಕೊಂಡು ಬಸ್ ಸ್ಟಾಪಿಗೆ ನಡೆದಳು. ನಾನು ಕುರ್ಚಿ ಜೋಡಿಸುವ ನೆಪದಲ್ಲಿ ಒಳಗೇ ಉಳಿದೆ.

ಹದಿನೈದು ದಿನ ಅವಳ ಬೀದಿ ತಪ್ಪಿಸಿ ಓಡಾಡಿದೆ. ಕೆಲಸದಲ್ಲೂ ನಾಲಿಗೆ ಸರಿಯಿರಲಿಲ್ಲ, ಯಾವ ಬಟ್ಟಲು ಹೀರಿದರೂ ತುಪ್ಪ. ಕೊನೆಗೆ ನಿನ್ನೆ ಬೆಳಗ್ಗೆ ಅವಳ ಮನೆಗೆ ಹೋದೆ. ಹಾಲು ಕರೆದು ಡೇರಿಗೆ ಹಾಕಿ ಬಂದಿದ್ದಳು. ಚಾಂಪಿಯನ್ ರೀಫ್ಸ್ ಕಡೆ ಹೋಗುತ್ತಲೇ ಇಲ್ಲವಂತೆ.

"ಬಾ ಕೂತ್ಕೋ. ಇಳಿದೋಗಿದ್ದೀಯಲ್ಲೇ," ಅಂತ ಕಾಫಿ ಬೆರೆಸಿದಳು. ಹಾಲು, ಸಕ್ಕರೆ, ಮೇಲೆ ನೊರೆ. ನನ್ನ ಮುಂದಿಟ್ಟು ಅವಳೇ ಮಾತು ತೆಗೆದಳು.

"ನಂಗೇನೂ ಬೇಜಾರಿಲ್ಲ ಕಣೇ. ಅವರಿಗೆ ಇಡಿಸ್ಲಿಲ್ಲ, ಓಗ್ಲಿ. ನಾನು ಗೋಡೆ ತಾವ ನಿಂತು ಎಲ್ಲಾ ನೋಡ್ತಿದ್ದೆ. ತುಪ್ಪದ ವಾಸ್ನೇಲೇ ನನ್ನ ಬಟ್ಲು ಯಾವ್ದೂಂತ ಗೊತ್ತಾಯ್ತು. ಎಲ್ರೂ ನಂದನ್ನ ಉಗುದ್ರು. ನೀನೊಬ್ಳು ಉಗೀಲಿಲ್ಲ. ಮಿಕ್ಕ ಮೂರನ್ನೂ ಉಗುದು, ನಂದನ್ನ ಮಾತ್ರ ನುಂಗ್ದೆ. ಪಕ್ಕದ್ಮನೆ ಗಂಗರತ್ನಮ್ಮಂಗೂ ಏಳ್ದೆ, ನಮ್ಮ ಕಲಾ ಕೈಲಿದ್ದಿದ್ರೆ ಜಗಲಿ ನಂಗೇ ಕೊಡ್ತಿದ್ಲು ಅಂತ."

ಸುಮ್ಮನೆ ಇದ್ದುಬಿಡಬಹುದಿತ್ತು. ಆ ಒಂದು ಗುಟುಕಿನ ಪುಣ್ಯದಲ್ಲಿ ಬದುಕಿನುದ್ದಕ್ಕೂ ಅವಳ ಮನೆಯ ಕಾಫಿ ಕುಡಿಯಬಹುದಿತ್ತು. ಆದರೆ ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟೆ.

"ಅತ್ತೆ, ನನ್ನ ಕೈಲೇ ಇತ್ತು," ಅಂದೆ. "ನಿಂದೇ ಅಂತ ಗೊತ್ತಾಯ್ತು. ಗೊತ್ತಿದ್ದೇ ಬೇಡ ಅಂತ ಬರೆದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಎದ್ದು ಒಳಗೆ ಹೋಗಿ, ಒಂದು ಖಾಲಿ ಲೋಟ ತೊಳೆದು, ಸೆರಗಿನಲ್ಲಿ ಒರೆಸಿ, ಕಾಫಿಯ ಪಕ್ಕದಲ್ಲಿ ಇಟ್ಟಳು.

"ಉಗಿಯೋದಿದ್ರೆ ಇದ್ರಾಗೆ ಉಗಿ," ಅಂದು, ಹಸುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಳು.