ಊರಿಗೆ ಎರಡು ಪಾಲು

ನಮ್ಮ ಮಾವಿನಕುರ್ವೆಯ ದಡದಲ್ಲಿ ಮೀನು ಪಾಲು ಹಾಕುವುದನ್ನು ನೋಡಿದವರಿಗೆ ನನ್ನ ತಮ್ಮ ಸೋಮ ಎಲ್ಲಿ ಎಡವಿದ ಎಂಬುದು ತಿಳಿಯುತ್ತದೆ. ಬಲೆಗೆ ಬಿದ್ದ ಮೀನನ್ನು ಸಮನಾಗಿ ಗುಪ್ಪೆ ಹಾಕುತ್ತಾರೆ. ಒಬ್ಬ ಬೆನ್ನು ಹಾಕಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಪ್ಪೆ ಮುಟ್ಟಿ "ಇದ್ಯಾರಿಗೆ?" ಎನ್ನುತ್ತಾನೆ, ಬೆನ್ನು ಹಾಕಿದವನು ಹೆಸರು ಹೇಳುತ್ತಾನೆ. ನುಜ್ಜಾದ ಮೀನಿನ ಗುಪ್ಪೆ ಯಾರೋ ಒಬ್ಬನಿಗೆ ಹೋಯಿತೆಂದರೆ ಉಳಿದವರಿಗೆ ನಿಶ್ಚಿಂತೆ. ಅದು ಮತ್ತೆ ತಿರುಗಿ ಬರುವುದಿಲ್ಲ.

ಸೋಮ ಮದುವೆಯಾದದ್ದು ನಮ್ಮ ಸೋದರಮಾವನ ಮಗಳು ಧನ್ಯಶ್ರೀಯನ್ನು. ಮೊದಲ ಮಗು ಅಂಕಿತಾ ವರ್ಷ ತುಂಬುವ ಮೊದಲೇ ಬಿಳಿಚಿಕೊಂಡಳು. ಥಲಸ್ಸೇಮಿಯಾ ಅಂದರು. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲವಂತೆ, ಬದುಕಿರುವ ತನಕ ಬೇರೆಯವರ ರಕ್ತ ಹಾಕಿಸುತ್ತಿರಬೇಕಂತೆ. ತಿಂಗಳು ತಿಂಗಳೂ ಆ ಕೂಸನ್ನು ರಕ್ತ ಹಾಕಿಸಲು ಉಡುಪಿಯ ಆಸ್ಪತ್ರೆಗೆ ಒಯ್ಯುತ್ತಾರೆ.

ಆಮೇಲೆ ಡಾಕ್ಟರ್ ವೀಣಾ ಎಂಬವರು ಊರವರ ರಕ್ತ ತಪಾಸಣೆಗೆಂದು ಬಂದು ಶಾಲೆಯಲ್ಲಿ ಕೂತರು. ಕೆಲವರು ರಕ್ತ ಕೊಟ್ಟರು, ಹಲವರು ಹಿತ್ತಲ ಬಾಗಿಲಿಂದ ಜಾಗ ಖಾಲಿ ಮಾಡಿದರು. "ಸಂಬಂಧದೊಳಗೇ ಮದುವೆಯಾಗುವ ಇಷ್ಟು ಜನರ ಊರಲ್ಲಿ ಹತ್ತು ವರ್ಷಕ್ಕೆ ಸುಮಾರು ಎರಡು ಮಕ್ಕಳಿಗೆ ಇದು ಬರಬಹುದು," ಎಂದರು ಡಾಕ್ಟರು.

"ಯಾರ ಮನೇಲಿ?" ಎಂದು ನೆರೆಮನೆಯ ಅಣ್ಣಪ್ಪ ಕೇಳಿದ.

"ಅದನ್ನು ಈ ಲೆಕ್ಕ ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ನೋಡಬೇಕು."

ಸೋಮ, ಧನ್ಯಶ್ರೀ ಇಬ್ಬರನ್ನೂ ಕೂರಿಸಿಕೊಂಡು ಬೇರೆಯಾಗಿಯೇ ಹೇಳಿದರು. ಇಬ್ಬರ ರಕ್ತದಲ್ಲೂ ಇದರ ಅಂಶ ಇದೆ, ಹಾಗಾಗಿ ನಾಲ್ಕರಲ್ಲಿ ಒಂದರಷ್ಟು ಅಪಾಯ, ಅದೂ ಪ್ರತಿ ಬಸಿರಿಗೂ. ಇನ್ನೊಮ್ಮೆ ಬಸಿರಾದರೆ ತಡಮಾಡದೆ ಬನ್ನಿ, ಹೊಟ್ಟೆಯಲ್ಲಿರುವಾಗಲೇ ಗೊತ್ತಾಗುತ್ತದೆ.

ಪ್ರತಿ ಬಸಿರಿಗೂ ಎಂಬ ಮಾತು ನನ್ನ ತಮ್ಮನ ತಲೆಗೆ ಹೋಗಲೇ ಇಲ್ಲ. ಧನ್ಯಶ್ರೀ ಮತ್ತೆ ಬಸಿರಾದಾಗ ನಾನು ಮೀನಿನ ಬುಟ್ಟಿ ಇಳಿಸಿ, "ಡಾಕ್ಟರಮ್ಮನ ಹತ್ರ ಹೋಗೂದು ಯಾವಾಗ?" ಎಂದು ಕೇಳಿದೆ.

"ಎಂತಕ್ಕೆ ಅಕ್ಕ? ನಾಲ್ಕು ಪಾಲಲ್ಲಿ ಕೆಟ್ಟದ್ದು ಒಂದೇ. ಅದು ಅಂಕಿತಾಗೆ ಬಂದಾತು. ಉಳಿದದ್ದು ಮೂರೂ ಚೊಲೋದೇ."

"ಹೆಂಡ್ತಿ ಹೊಟ್ಟೆ ಎಂತ ಮೀನಿನ ಗುಪ್ಪೆಯನಾ?" ಬಾಯಿಗೆ ಬಂದಂತೆ ಬೈದೆ. ಅವನು ನಕ್ಕ. ಧನ್ಯಶ್ರೀಯೂ ನಕ್ಕಳು. ಪಾಪ, ಅವಳಿಗೆ ಅದನ್ನು ನಂಬಬೇಕಾಗಿತ್ತು.

ಗಂಡು ಮಗು ಹುಟ್ಟಿತು, ಗುಂಡು ಗುಂಡಾಗಿತ್ತು. ಏಳನೆಯ ತಿಂಗಳಿಗೆ ಹಾಲು ಬಿಟ್ಟಿತು, ಅಂಗೈ ಬಿಳಿಚಿತು. ಉಡುಪಿಯಿಂದ ಬಂದ ಸೋಮ ಜಗಲಿಯಲ್ಲಿ ಕೂತು, "ಅಕ್ಕ, ಇದೂ ಅದೇ," ಎಂದ. ನಾನು ಮಗುವನ್ನು ಎತ್ತಿಕೊಂಡೆ. ಡಾಕ್ಟರಮ್ಮನ ಲೆಕ್ಕವೇನೂ ತಪ್ಪಿರಲಿಲ್ಲ. ಊರಿಗೆ ಎರಡು ಅಂದಿದ್ದರು, ಎರಡೂ ನಮ್ಮ ಮನೆಗೇ ಬಂದವು.

ಮೊನ್ನೆ ಅಣ್ಣಪ್ಪ ಮದುವೆಗೆ ಕರೆಯಲು ಬಂದ. ಮಗಳನ್ನು ತಂಗಿಯ ಮಗನಿಗೇ ಕೊಡುತ್ತಿದ್ದಾನೆ. "ಹುಡುಗ ಹುಡುಗಿ ರಕ್ತ ತೋರ್ಸಿದ್ರಾ?" ಎಂದು ಕೇಳಿದೆ.

"ಇನ್ನೆಂತಕ್ಕೆ ಗಂಗಕ್ಕ? ಊರಿಗೆ ಎರಡು ಅಂದಿದ್ರು. ಎರಡೂ ನಿಮ್ಮನೇಲೇ ಆಗಿ ಹೋತಲ್ಲ." ಅವನು ಚುಚ್ಚಿ ಆಡಿದ್ದಲ್ಲ. ಮಗಳು ಪಾರಾದಳೆಂಬ ಸಮಾಧಾನ ಅವನ ಮುಖದಲ್ಲಿತ್ತು.

ನನ್ನ ಬಾಯಿ ಇಡೀ ಹೊನ್ನಾವರ ಮೀನು ಪೇಟೆಗೆ ಗೊತ್ತು. ನಾನು ಅದನ್ನು ತೆರೆಯುವ ಮೊದಲೇ ಸೋಮ ಎದ್ದು ನಿಂತ. ಹೆಗಲ ಮೇಲೆ ಸಣ್ಣವನು ಮಲಗಿದ್ದ.

"ಅಣ್ಣಪ್ಪಣ್ಣ, ಇದು ಪಾಲಲ್ಲ. ಒಬ್ಬರಿಗೆ ಬಂತು ಅಂತ ಇನ್ನೊಬ್ಬರಿಗೆ ತಪ್ಪೂದಿಲ್ಲ. ನಿಂಗೆ ಕೈ ಮುಗೀತೆ, ಒಮ್ಮೆ ರಕ್ತ ತೋರ್ಸು."

ಅಣ್ಣಪ್ಪ ಅವನ ಬೆನ್ನು ಸವರಿದ. "ನಿಂಗಾದ ಸಂಕಟಕ್ಕೆ ಹಂಗೆ ಕಾಣ್ತದೆ ಮಾರಾಯಾ," ಎಂದ. ಮದುವೆ ಕಾಗದವನ್ನು ಜಗಲಿಯ ಮೇಲಿಟ್ಟು ಆಚೆ ಮನೆಯವರನ್ನು ಕರೆಯಲು ಹೋದ.