ತುಳಿದರೆ ಬಿಡದ ನೋವು

ಮಡಕಶಿರಾ ಸೀಮೆಯ ಗುಡಿಬಂಡೆ ಕಡೆಯ ಆ ಊರಿನಲ್ಲಿ ಯಾರ ಸೊಂಟ ಹಿಡಿದುಕೊಂಡರೂ ಮೊದಲು ಬರುವುದು ದೊಡ್ಡಕ್ಕನ ಬಾಗಿಲಿಗೆ. ಹುಟ್ಟುವಾಗ ಅವಳ ಕಾಲು ಮೊದಲು ಬಂದಿತ್ತಂತೆ. ಅಂಥವರು ಬೆನ್ನ ಮೇಲೆ ಕಾಲಾಡಿಸಿದರೆ ಉಳುಕು ಬಿಡುತ್ತದೆ ಎಂಬುದು ಹಳೆಯ ನಂಬಿಕೆ. ದೊಡ್ಡಕ್ಕ ಎಲೆಯಡಿಕೆ ಹೊರತು ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ತನ್ನ ಕಾಲಿನ ಬಗ್ಗೆ ಹೆಮ್ಮೆ ಮಾತ್ರ ಇತ್ತು. ಇರಲಿ ಬಿಡಿ, ಯಾರಿಗಿಲ್ಲ?

ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ಅವಳ ತಮ್ಮ ತಿಮ್ಮರಾಜುವಿನ ಬೆನ್ನು ಹಿಡಿದುಕೊಂಡಿತು. ಅಕ್ಕ ಎರಡು ಸಲ ತುಳಿದಳು. ಅಂಗಡಿಯ ನೋವಿನ ಮಾತ್ರೆಯನ್ನು ಅವನು ಪುರಿ ತಿಂದಂತೆ ತಿಂದ. ತಿಂಗಳೆರಡಾದರೂ ನೋವು ಜಗ್ಗಲಿಲ್ಲ. ಆ ಬೆಳಿಗ್ಗೆ ಮತ್ತೆ ಬಂದು ಜಗಲಿಯ ಮೇಲೆ ಬೋರಲು ಮಲಗಿದ. ಮುಖ ಬಿಳಿಚಿಕೊಂಡಿತ್ತು.

ಪಕ್ಕದ ಮನೆಯ ನರ್ಸ್ ಆಶಾರಾಣಿ ಡ್ಯೂಟಿಗೆ ಹೊರಟವಳು ಅಲ್ಲೇ ನಿಂತಳು.

“ತಿಮ್ಮರಾಜಣ್ಣ, ಮಲಿಕ್ಕಂಡಾಗ ನೋವು ಕಮ್ಮಿ ಆಗುತ್ತಾ?”

“ಇಲ್ಲ ಕಣಮ್ಮ. ಮಗ್ಗುಲು ತಿರುಗಕ್ಕೂ ಆಗಲ್ಲ. ನಾಕು ಹೆಜ್ಜೆ ಇಟ್ರೆ ಸುಸ್ತು.”

“ದೊಡ್ಡಕ್ಕಾ, ಕಾಲಿಡಬ್ಯಾಡ. ಮೊದ್ಲು ರಕ್ತ ಪರೀಕ್ಷೆ ಮಾಡಿಸಾನ.”

ದೊಡ್ಡಕ್ಕನಿಗೆ ಸಿಟ್ಟು ಬಂತು. “ಬೆನ್ನು ನೋವಿಗೆ ರಕ್ತ ಯಾಕವ್ವ? ಊರೋರಿಗೆಲ್ಲ ವಾಸಿ ಮಾಡಿದ ಕಾಲು ನನ್ನ ತಮ್ಮಂಗೆ ಕೇಡು ಮಾಡುತ್ತಾ?”

“ಉಳುಕಾಗಿದ್ರೆ ಇಷ್ಟೊತ್ತಿಗೆ ಬಿಡ್ತಿತ್ತು. ಮೂಳೆನೇ ಒಳಗೆ ಸವೆದಿದ್ರೆ? ಮುರಿದೋದ್ರೆ ಅಣ್ಣ ಮತ್ತೆ ಎದ್ದು ನಡಿಯಲ್ಲ.”

“ನೀನು ತುಳಿಯಕ್ಕ,” ಎಂದ ತಿಮ್ಮರಾಜು.

ದೊಡ್ಡಕ್ಕ ಕಾಲೆತ್ತಿದಳು. ಹೆಬ್ಬೆರಳು ತಾಗಿತಷ್ಟೆ, ಅವನು ಟವೆಲ್ ಕಚ್ಚಿಕೊಂಡ. ಎಷ್ಟೋ ಬೆನ್ನು ಕಂಡ ಪಾದ ಅದು. ಉಳುಕಿದ ಬೆನ್ನು ತುಳಿದರೆ ಹಾಯೆನ್ನುತ್ತದೆ, ಇದು ಮುಟ್ಟಿದರೇ ನಡುಗುತ್ತಿತ್ತು. ಅವಳು ಕಾಲನ್ನು ನೆಲಕ್ಕಿಟ್ಟಳು.

“ಏಳು ತಮ್ಮಯ್ಯ, ಆಸ್ಪತ್ರಿಗೆ ಓಗಾನ.”

ಮಡಕಶಿರಾದಲ್ಲಿ ಪರೀಕ್ಷೆಯಾಯಿತು. ರಕ್ತ ಕಡಿಮೆಯಾಗಿತ್ತು, ಕಿಡ್ನಿ ಸೋತಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದ ಡಾಕ್ಟರು ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿ, ಮಾತ್ರೆ ತಿಂದಿದ್ದು, ತುಳಿಸಿದ್ದು ಎಲ್ಲ ಕೇಳಿಕೊಂಡು ಹೇಳಿದರು:

“ರೋಗದ ಜೊತೆ ಹೋರಾಡೋ ಪ್ರತಿಕಾಯ ತಯಾರಿಸೋ ಕಣಗಳು ಮಜ್ಜೆಯಲ್ಲಿರ್ತವೆ. ಅವು ಕೆಟ್ಟು ಮಿತಿಮೀರಿ ಬೆಳೆದಿವೆ. ಇದು ಮೈಲೋಮಾ, ಅಪರೂಪದ ರಕ್ತದ ಕ್ಯಾನ್ಸರ್. ಮೂಳೆ ಟೊಳ್ಳು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಆ ನೋವಿನ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಟ್ಟಿವೆ.”

“ಉಳೀತಾನಾ ಸ್ವಾಮಿ?”

“ರೋಗ ಪೂರ್ತಿ ಹೋಗೋದು ಕಷ್ಟಮ್ಮ. ಆದ್ರೆ ಚಿಕಿತ್ಸೆ ತಪ್ಪಿಸದೆ ವರ್ಷಗಟ್ಟಲೆ ಚೆನ್ನಾಗಿರೋರು ಎಷ್ಟೋ ಜನ ಇದಾರೆ. ಬೆನ್ನುಮೂಳೆ ಒಂದು ಆಗಲೇ ಕುಸಿದಿದೆ. ಇನ್ನೊಂದು ಸಲ ತುಳಿದಿದ್ರೆ ಇವರ ಕಾಲಿನ ಬಲವೇ ಹೋಗಬಹುದಿತ್ತು.”

ದೊಡ್ಡಕ್ಕ ಸೆರಗು ಬಾಯಿಗಿಟ್ಟು ಅತ್ತಳು. ಕಾಯಿಲೆಯ ತಮ್ಮನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ತಿಮ್ಮರಾಜುವಿಗೆ ಚಿಕಿತ್ಸೆ ನಡೆದಿದೆ. ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ನಿಧಾನವಾಗಿ ಓಡಾಡುತ್ತಾನೆ. ದೊಡ್ಡಕ್ಕ ಈಗ ಯಾರ ಬೆನ್ನಿಗೂ ಕಾಲಿಡುವುದಿಲ್ಲ. ಬಂದವರಿಗೆ ನೀರು ಕೊಟ್ಟು, ಆಸ್ಪತ್ರೆಗೆ ಆಟೋ ಹತ್ತಿಸುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ಬೆನ್ನು ನೋವೆಲ್ಲ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ವಾರಗಟ್ಟಲೆ ಬಿಡದ, ಮಲಗಿದರೂ ತಗ್ಗದ ಮೂಳೆನೋವು, ಜೊತೆಗೆ ಸುಸ್ತು, ತೂಕ ಇಳಿಕೆ, ಪದೇಪದೇ ಜ್ವರ, ನೊರೆ ಮೂತ್ರ ಕಂಡರೆ ತುಳಿಸಬೇಡಿ, ಅಂಗಡಿ ಮಾತ್ರೆ ನುಂಗುತ್ತಾ ಕೂರಬೇಡಿ. ರಕ್ತ, ಮೂತ್ರ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ನೀವೇ ಕೇಳಿ. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅದೇ ದಿನ ಹೊರಡಿ. ನಿಮ್ಮ ಮನೆಯಲ್ಲಿ ಇವತ್ತು ನೋವು ನುಂಗಿಕೊಂಡು ಹೊಲಕ್ಕೆ ಹೋದವರು ಯಾರು? ಸಂಜೆ ಅವರು ಬಂದ ಕೂಡಲೇ ಕೇಳಿ.