ಬೇಡ ಎಂದರೆ ಇನ್ನೊಮ್ಮೆ ಬೇಡು

ಅಮೆರಿಕದ ಮಿನೆಸೋಟ ರಾಜ್ಯದ ಆ ಊರಿನಲ್ಲಿ ಮೊದಲ ಸಲಕ್ಕೇ ಬೇಕು ಎನ್ನುವವರಿಲ್ಲ. ಕಾಫಿ ಕೊಡಲು ಹೋದರೆ ‘ಬೇಡ.’ ಮತ್ತೊಮ್ಮೆ ಕೇಳಿದರೆ ‘ಅಯ್ಯೋ, ಬೇಡ ಬಿಡಿ.’ ಮೂರನೆಯ ಸಲಕ್ಕೆ ‘ಅಷ್ಟು ಬಲವಂತ ಮಾಡೋದಾದ್ರೆ ಅರ್ಧ ಕಪ್ಪು’ ಎನ್ನುತ್ತ ತುಂಬಿದ ಕಪ್ಪಿಗೆ ಕೈಚಾಚುತ್ತಾರೆ. ಬೇಡ ಎಂದರೆ ಇನ್ನೊಮ್ಮೆ ಬೇಡು ಎಂದೇ ಅರ್ಥ. ಮೂರು ಸಲವೂ ಬೇಡ ಎಂದರೆ ಮಾತ್ರ ನಿಜವಾಗಿ ಬೇಡ. ಆಮೇಲೂ ಕೇಳುವವನು ಒರಟ, ಇಲ್ಲವೇ ಬೇರೆ ರಾಜ್ಯದವನು.

ಆರ್ವಿಡ್ ಟೊಲೆಫ್ಸನ್ ಎರಡೂ ಅಲ್ಲ. ಅದಕ್ಕೇ ಆ ಬೆಳಿಗ್ಗೆ ಅಡುಗೆಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ವರ್ನಾ ಸ್ಕೋಗ್‌ಲಂಡ್ ಅವನಿಗೆ ಮೂರು ಸಲ ಬೇಡ ಎಂದಿದ್ದಳು. ಇವತ್ತು ಅರಿಜೋನಾದ ತಂಗಿಯ ಮನೆಗೆ ಹೊರಟಿದ್ದಳು, ಅಲ್ಲೇ ಇದ್ದುಬಿಡಲು.

ಹೆಂಡತಿ ಲೊರೇನ್ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಮೊದಲನೆಯದರಲ್ಲಿ ಚರ್ಚಿನ ಒಂಟಿ ಹೆಂಗಸರೆಲ್ಲ ಆಲೂಗಡ್ಡೆ, ಕೊಚ್ಚಿದ ಮಾಂಸದ ಮೇಲೆ ಡಬ್ಬಿ ಸೂಪು ಸುರಿದು ಬೇಯಿಸಿದ ಹಾಟ್‌ಡಿಶ್ ಹೊತ್ತು ಬಾಗಿಲು ತಟ್ಟಿದರು. ಒಲೆಯ ದಾರಿಯಲ್ಲಿ ಒಲವು ಬರುತ್ತದೆಂಬ ನಂಬಿಕೆ. ಆರ್ವಿಡ್‌ಗೆ ಬಂದದ್ದು ಬೊಜ್ಜು. ಲೊರೇನ್‌ಳ ಗೆಳತಿ ವರ್ನಾ, ಅವಳೂ ಗಂಡನನ್ನು ಕಳೆದುಕೊಂಡವಳು, ಬರಿಗೈಯಲ್ಲಿ ಬಂದು ಫ್ರಿಜ್ ತೆರೆದು ನೋಡಿದಳು.

“ಇದನ್ನೆಲ್ಲ ಖಾಲಿ ಮಾಡೋಕೆ ಇನ್ನೊಂದು ಹೊಟ್ಟೆ ಬೇಕಲ್ರೀ!”

ಚಮಚ ಹಿಡಿದು ಕೂತೇಬಿಟ್ಟಳು. ಆಮೇಲೆ ಗುರುವಾರಗಳಂದು ಇಬ್ಬರೂ ಪೇಟೆಯ ಕೆಫೆಯಲ್ಲಿ ಸೇಬಿನ ಪೈ ತಿನ್ನತೊಡಗಿದರು. ಪಕ್ಕದ ಟೇಬಲ್ಲಿನವರು ಅದನ್ನು ಪ್ರೇಮ ಎಂದರು. ಇವರು ಮಾತ್ರ ಪೈ ಎಂದೇ ಕರೆಯುತ್ತಿದ್ದರು.

ಆರ್ವಿಡ್ ಲೆಕ್ಕದ ಪ್ರಕಾರ ಮೊದಲು ಕೇಳಿದ್ದು ಹೆಪ್ಪುಗಟ್ಟಿದ ಕೆರೆಯ ಮೇಲೆ, ಮೀನು ಹಿಡಿಯಲು ಕಟ್ಟಿದ ಪುಟ್ಟ ಗುಡಿಸಲಿನೊಳಗೆ. ಗಾಳ ಇಳಿಬಿಡಲು ಮಂಜುಗಡ್ಡೆಯಲ್ಲಿ ಕೊರೆದ ತೂತನ್ನೇ ದಿಟ್ಟಿಸುತ್ತ, “ಲೊರೇನ್ ಬಟ್ಟೆ ಬೀರು ಖಾಲಿ ಬಿದ್ದಿದೆ. ನಿಮಗೆ ಬೇಕಾ?” ಎಂದಿದ್ದ. ಅದಕ್ಕಿಂತ ಬಿಚ್ಚಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ವರ್ನಾ, “ಬೇಡಪ್ಪ” ಎಂದಳು.

ಎರಡನೆಯದು ಚರ್ಚಿನ ನೆಲಮಾಳಿಗೆಯಲ್ಲಿ, ಪಾತ್ರೆ ಒರೆಸುತ್ತ. “ನಾವಿಬ್ರೂ ಮದುವೆ ಆದ್ರೆ ಅಷ್ಟೇನೂ ಕೆಟ್ಟದಾಗಲ್ಲ ಅನ್ಸುತ್ತೆ.”

“ಅಯ್ಯೋ, ನಿಮಗ್ಯಾಕೆ ತೊಂದರೆ?”

ಮೂರನೆಯದು ನಿನ್ನೆ, ಫೋನಿನಲ್ಲಿ. “ಆ ಮದುವೆ ವಿಷಯ... ಇನ್ನೊಂದ್ಸಲ ಯೋಚನೆ ಮಾಡ್ತೀರಾ?”

“ಬೇಡ ಬಿಡಿ ಆರ್ವಿಡ್, ಸುಮ್ನೆ ಯಾಕೆ.” ಆಚೆ ಕಡೆ ಯಾಕೋ ಉಸಿರು ಬಿಗಿಹಿಡಿದ ಹಾಗಿತ್ತು. ಇವನು ಮರ್ಯಾದಸ್ಥ. “ಸರಿ ಹಾಗಾದ್ರೆ” ಎಂದು ಫೋನಿಟ್ಟುಬಿಟ್ಟ.

ಬೀಳ್ಕೊಡದೇ ಇರುವುದೂ ಮರ್ಯಾದೆಯಲ್ಲವಲ್ಲ. ಟೋಪಿ ಹಾಕಿಕೊಂಡು ಹೋದ. ವರ್ನಾ ಅಂಗಳದ ಹಿಮದಲ್ಲಿ ಸೂಟ್‌ಕೇಸ್ ಎಳೆಯುತ್ತಿದ್ದಳು, ಅದು ತನಗೇನೋ ದ್ರೋಹ ಮಾಡಿದೆ ಎಂಬಂತೆ.

“ಕೊಡಿ, ಡಿಕ್ಕಿಗೆ ನಾನಿಡ್ತೀನಿ.”

“ಬೇಡ.”

“ಕೊಡಿ ವರ್ನಾ.”

“ಬೇಡ ಬಿಡಿ.”

“ಸೊಂಟ ಹಿಡ್ಕೊಳ್ಳುತ್ತೆ, ಕೊಡಿ ಅಂದ್ರೆ!”

ವರ್ನಾ ಸೂಟ್‌ಕೇಸನ್ನು ಅವನ ಪಾದದ ಮೇಲೇ ಕುಕ್ಕಿದಳು. “ಸೂಟ್‌ಕೇಸಿಗೆ ಮೂರು ಸಲ! ನನಗೆ ಎರಡೇನಾ?”

“ಮೂರು ಸಲ ಕೇಳಿದೀನಿ!” ಆರ್ವಿಡ್ ಒಂಟಿ ಕಾಲಲ್ಲಿ ಕುಣಿದ. “ಫೋನಲ್ಲಿ ಒಂದು, ಚರ್ಚಲ್ಲಿ ಒಂದು, ಕೆರೆ ಮೇಲೆ ಒಂದು!”

“ಕೆರೆ ಮೇಲೆ ಕೇಳಿದ್ದು ಬೀರು!”

“ಬೀರು ಅಂದ್ರೆ ಮದುವೆ!”

“ಯಾವೂರಲ್ರೀ? ಹಳೇ ಸಾಮಾನು ನನಗೆ ಸಾಗಹಾಕ್ತಿದಾರೆ ಅಂದ್ಕೊಂಡೆ. ನಮ್ಮನೇಲಿ ಆಗ್ಲೇ ಎರಡಿವೆ! ನಿನ್ನೆ ಇಡೀ ಸಂಜೆ ಫೋನ್ ಪಕ್ಕ ಕೂತಿದ್ದೆ, ಇನ್ನೊಂದ್ಸಲ ಮಾಡ್ತಾರೆ ಅಂತ. ಸ್ನಾನಕ್ಕೂ ಹೋಗ್ಲಿಲ್ಲ!”

ಆರ್ವಿಡ್‌ನ ಕಿವಿ ಕೆಂಪಾಯಿತು. ಲೊರೇನ್ ಪಕ್ಕದ ರಾಜ್ಯದವಳು. ಅವನು ಪೂರ್ತಿ ಕೇಳುವ ಮೊದಲೇ ಹೂಂ ಎಂದಿದ್ದಳು. ಹಾಗಾಗಿ ಹೆಣ್ಣು ಕೇಳುವ ವಿದ್ಯೆಯಲ್ಲಿ ಅವನಿಗೆ ಈ ಮುಪ್ಪಿನಲ್ಲೂ ಅನುಭವ ಸಾಲದು. ಟೋಪಿ ತೆಗೆದ.

“ನನ್ನ ಮದುವೆ ಆಗ್ತೀರಾ? ಬೀರು ಅಲ್ಲ. ನಾನು.”

ವರ್ನಾ ಬೇಲಿಯ ಕಡೆ ನೋಡಿದಳು. “ಅಷ್ಟು ಬಲವಂತ ಮಾಡೋದಾದ್ರೆ... ನಿಮಗೇನೂ ತೊಂದರೆ ಇಲ್ಲ ಅಂದ್ರೆ.”

ಆ ಊರಿನ ಮಟ್ಟಿಗೆ ಇದು ಓಡಿಬಂದು ತಬ್ಬಿಕೊಂಡು ಅತ್ತ ಹಾಗೆ. ಬೀರು ಕೊಡಲು ಹೋದ ಮುಖ ಕೊನೆಗೂ ನಗೆ ಬೀರಿತು. ಇಬ್ಬರೂ ಸೂಟ್‌ಕೇಸಿನ ಒಂದೊಂದು ತುದಿ ಹಿಡಿದು ಮರಳಿ ಮನೆಯ ಮೆಟ್ಟಿಲ ಕಡೆ ತಿರುಗಿದರು.

“ಮಂಚದಲ್ಲಿ ಲೊರೇನ್ ಯಾವ ಕಡೆ ಮಲಗ್ತಿದ್ಲು?” ವರ್ನಾ ನಡೆಯುತ್ತಲೇ ಕೇಳಿದಳು.

“ಕಿಟಕಿ ಕಡೆ.” ಆರ್ವಿಡ್‌ನ ದನಿ ಸಣ್ಣಗಾಯಿತು. “ಎರಡು ವರ್ಷದಿಂದ ಆ ಕಡೆ ಹೊರಳೇ ಇಲ್ಲ ನಾನು.”

ವರ್ನಾ ಸೂಟ್‌ಕೇಸಿನ ತುದಿಯನ್ನು ಇನ್ನೊಂದು ಕೈಗೆ ಬದಲಿಸಿದಳು. “ಅವಳ ಜಾಗದಲ್ಲಿ ನಾನು ಮಲಗಲ್ಲ. ಖಾಲಿ ಬಿಡೋದೂ ಬೇಡ. ನೀವು ಅಲ್ಲಿಗೆ ಹೋಗಿ.”

“ಅಲ್ಲಿ ಗಾಳಿ ನುಗ್ಗುತ್ತೆ ಕಣ್ರೀ, ಸಂದಿ ಇದೆ!”

“ಗೊತ್ತು. ಪ್ರತಿ ಭಾನುವಾರ ನನ್ನ ಹತ್ರ ಅದನ್ನೇ ಹೇಳಿ ನಿಮ್ಮನ್ನ ಬೈತಿದ್ಲು.”

“ನನಗೆ ಒಂದಿನಾನೂ ಹೇಳ್ಲಿಲ್ಲ!”

“ಈಗ ಗೊತ್ತಾಯ್ತಲ್ಲ. ದಪ್ಪ ಕಾಲುಚೀಲ ಹಾಕ್ಕೊಂಡು ಮಲಗಿ.”